ಹೊಸ ಗೂಡು, ಹಳೆ ಕೋಳಿ: ಕೆಲವು ತಪ್ಪು ಕಲ್ಪನೆಗಳು

ಹಿತ್ತಲಲ್ಲಿ ಹತ್ತು ಹನ್ನೆರಡು ಕೋಳಿ ಸಾಕಿಕೊಂಡವರು ಹೊಸ ಗೂಡು ಕಟ್ಟಿಸುವ ವಿಚಾರಕ್ಕೆ ಬಂದರೆ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಶೀಟು ಎಲ್ಲಿ ಅಗ್ಗ, ಜಾಲರಿ ಎಷ್ಟು ಅಡಿ ಬೇಕು, ವೆಲ್ಡಿಂಗ್‌ನವರು ಎಷ್ಟು ಕೇಳುತ್ತಾರೆ, ಬಾಗಿಲು ಯಾವ ಕಡೆಗಿರಬೇಕು, ಹೀಗೆ. ಕೋಳಿಗಳನ್ನು ಆ ಗೂಡಿಗೆ ಸೇರಿಸುವ ಕೆಲಸಕ್ಕೆ ಮಾತ್ರ ಒಂದು ಸಂಜೆ ಸಾಕು ಎಂದುಕೊಂಡಿರುತ್ತಾರೆ. ಹಿಡಿದು ಒಳಗೆ ಬಿಟ್ಟು ಬಾಗಿಲು ಹಾಕಿದರೆ ಮುಗಿಯಿತಲ್ಲ! ಮರುದಿನ ಮುಸ್ಸಂಜೆ ಟಾರ್ಚು ಹಿಡಿದು ಬೇಲಿ ಸಂದಿಯಲ್ಲಿ, ನುಗ್ಗೆಮರದ ಕೊಂಬೆಯಲ್ಲಿ, ಹಳೆ ಗೂಡಿದ್ದ ಜಾಗದಲ್ಲಿ ಕೋಳಿ ಹುಡುಕುವಾಗ ಗೊತ್ತಾಗುತ್ತದೆ, ಗೂಡು ಕಟ್ಟಿಸಿದ್ದು ಸುಲಭದ ಭಾಗ ಎಂದು.

ಈ ಕೆಲಸದ ಸುತ್ತ ಸಾಕಷ್ಟು ನಂಬಿಕೆಗಳಿವೆ. ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ನಿಜ. ಅರ್ಧ ನಿಜವಾದವೇ ಹೆಚ್ಚು ತೊಂದರೆ ಕೊಡುತ್ತವೆ.

ತಪ್ಪು ಕಲ್ಪನೆ: “ಗೂಡು ಚೆನ್ನಾಗಿದ್ದರೆ ಕೋಳಿಗಳು ತಾವೇ ಹುಡುಕಿಕೊಂಡು ಹೋಗುತ್ತವೆ”

ವಾಸ್ತವ: ಕೋಳಿ ಗೂಡಿನ ಚಂದ ನೋಡುವುದಿಲ್ಲ, ಜಾಗ ನೋಡುತ್ತದೆ. ಅದರ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಪಾಲೂ ಸ್ವಲ್ಪ ಇದೆ. ಸಾಕುಕೋಳಿಗಳ ಹಳದಿ ಚರ್ಮದ ಗುಣ ಬಂದದ್ದು ಅದರಿಂದಲೇ ಎಂದು 2008ರಲ್ಲಿ ವಂಶವಾಹಿ ಅಧ್ಯಯನವೊಂದು ತೋರಿಸಿತು. ಈ ಎರಡೂ ಹಕ್ಕಿಗಳು ಹಗಲೆಲ್ಲ ನೆಲದ ಮೇಲೆ ಕೆದಕಿ ತಿಂದು, ಕತ್ತಲಾಗುವ ಮುಂಚೆ ಮರ ಹತ್ತಿ ಕೂರುವಂಥವು. ಕಾರಣ ಕಣ್ಣು. ಕೋಳಿಯ ಕಣ್ಣು ಹಗಲಿನಲ್ಲಿ ನಮಗಿಂತ ಹೆಚ್ಚು ಬಣ್ಣ ಗುರುತಿಸುತ್ತದೆ. ಬೆಳಕು ಕುಗ್ಗಿತೋ, ಅದು ಹೆಚ್ಚುಕಡಿಮೆ ಕುರುಡು. ಹಾಗಾಗಿ ಕತ್ತಲೆ ಕವಿಯುವುದರೊಳಗೆ ಗೊತ್ತಿರುವ ದಾರಿಯಲ್ಲಿ, ಗೊತ್ತಿರುವ ಜಾಗಕ್ಕೆ ಸೇರಿಬಿಡಬೇಕು. ಹೊಸದನ್ನು ಪರೀಕ್ಷೆ ಮಾಡಿ ನೋಡುವ ಹೊತ್ತು ಅದಲ್ಲ. ಹಳೆ ಗೂಡನ್ನು ಬಿಚ್ಚಿ ಹಾಕಿದ್ದರೂ ಆ ಬರಿ ನೆಲದ ಮೇಲೇ ಗುಂಪಾಗಿ ಮುದುರಿ ಕೂರುತ್ತವೆ. ಪೆದ್ದು ಕೋಳಿ ಎಂದು ಬೈಯುತ್ತೇವೆ. ಅದರ ಮಟ್ಟಿಗೆ ಅದು ಬಲು ಜಾಣ ನಡೆ. ಕಾಡಿನಲ್ಲಿ ಹೊತ್ತು ಮುಳುಗಿದ ಮೇಲೆ ಹೊಸ ಜಾಗ ಹುಡುಕಹೊರಟ ಹಕ್ಕಿ ಬೆಳಗಿನವರೆಗೆ ಉಳಿಯುತ್ತಿರಲಿಲ್ಲ.

ಇದರಿಂದಲೇ ಇನ್ನೊಂದು ವಿಚಿತ್ರ. ಕೋಳಿಗಳನ್ನು ಇಪ್ಪತ್ತು ಕಿಲೋಮೀಟರ್ ಆಚೆಯ ತೋಟಕ್ಕೆ ಒಯ್ಯುವುದಕ್ಕಿಂತ ಅದೇ ಹಿತ್ತಲಲ್ಲಿ ಇಪ್ಪತ್ತು ಮಾರು ದೂರಕ್ಕೆ ಬದಲಿಸುವುದು ಕಷ್ಟ. ದೂರದ ಊರಲ್ಲಿ ಹಳೆ ಗುರುತು ಒಂದೂ ಕಾಣದು, ಬೇರೆ ದಾರಿಯಿಲ್ಲದೆ ಹೊಸದನ್ನು ಒಪ್ಪಿಕೊಳ್ಳುತ್ತವೆ. ಹಿತ್ತಲಲ್ಲಾದರೆ ಹಳೆಯ ಬಾವಿಕಟ್ಟೆ, ಹಳೆಯ ತೆಂಗು, ಹಳೆಯ ಮೂಲೆ ಎಲ್ಲ ಕಣ್ಣೆದುರೇ ಇದ್ದು ಸಂಜೆ ಹೊತ್ತಿಗೆ ಕಾಲು ಅತ್ತಲೇ ತಿರುಗುತ್ತದೆ. ಹಾಗಾಗಿ ಕೋಳಿ ಒಳಗಿಲ್ಲದ ಹಗಲಿನಲ್ಲೇ ಹಳೆ ಗೂಡಿನ ಬಾಗಿಲು ಮುಚ್ಚಿ, ಅವು ಅಲ್ಲಿ ಕೂರಲಾಗದಂತೆ ಅಡ್ಡ ಕಟ್ಟಿ.

ತಪ್ಪು ಕಲ್ಪನೆ: “ರಾತ್ರಿ ಎತ್ತಿ ಹಾಕಿದರೆ ಬೆಳಗಾಗುವಷ್ಟರಲ್ಲಿ ಹಳೆಯದನ್ನು ಮರೆತಿರುತ್ತವೆ”

ವಾಸ್ತವ: ಅರ್ಧ ನಿಜ ಎಂದೆನಲ್ಲ, ಅದಕ್ಕೆ ಇದೇ ಉದಾಹರಣೆ. ರಾತ್ರಿ ಸಾಗಿಸುವುದು ಸರಿಯಾದ ಕ್ರಮವೇ. ಕತ್ತಲಲ್ಲಿ ಕೋಳಿ ಓಡುವುದಿಲ್ಲ, ಕಿರುಚಾಡುವುದು ಕಡಿಮೆ, ಹಿಡಿಯುವವರ ಕೈಗೂ ಪರಚು ಗಾಯ ಇಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಅವು ಏನನ್ನೂ ಮರೆತಿರುವುದಿಲ್ಲ. ಬಾಗಿಲು ತೆಗೆದರೆ ಹೊರಗೆ ಮೇಯ್ದು, ಸಂಜೆ ನೆಟ್ಟಗೆ ಹಳೆ ಜಾಗಕ್ಕೇ ಹೋಗುತ್ತವೆ.

ಆಗಬೇಕಾದ್ದು ಇಷ್ಟು: ರಾತ್ರಿ ಒಂದೊಂದನ್ನೇ ತಂದು, ನೆಲದ ಮೇಲೆ ಬಿಡದೆ, ಅಡ್ಡಗೋಲಿನ ಮೇಲೇ ಕೂರಿಸಿ. ಅಲ್ಲಿಂದ ಮುಂದೆ ನಾಲ್ಕೈದು ದಿನ, ಅದೇ ಹಿತ್ತಲಾದರೆ ಒಂದು ವಾರ, ಹೊರಗೆ ಬಿಡಬೇಡಿ. ಮೇವು, ನೀರು ಎಲ್ಲ ಒಳಗೇ ಸಿಗಲಿ. ಹೊಸ ಗೂಡಿನ ಮುಂದೆ ಜಾಲರಿ ಕಟ್ಟಿದ ಸಣ್ಣ ಅಂಗಳ ಇದ್ದರೆ ಈ ವಾರ ಸಲೀಸಾಗಿ ಕಳೆಯುತ್ತದೆ. ಹಗಲು ಮೇಯುವ ಕೋಳಿಗೆ ರಾತ್ರಿ ಮಲಗಲು ತಲಾ 2 ಚದರ ಅಡಿ ಸಾಕಾದರೂ ದಿನವಿಡೀ ಅಷ್ಟರಲ್ಲೇ ಕೂಡಿಹಾಕಿದರೆ ಒಂದರ ಪುಕ್ಕ ಇನ್ನೊಂದು ಕೀಳಲು ಶುರುಮಾಡುತ್ತದೆ. ಎರಡು ಕಟ್ಟು ನುಗ್ಗೆ ಸೊಪ್ಪನ್ನು ಅವುಗಳ ತಲೆಗಿಂತ ತುಸು ಎತ್ತರಕ್ಕೆ ನೇತುಹಾಕಿದರೆ ಜಗಳಕ್ಕೆ ಪುರುಸೊತ್ತಿರುವುದಿಲ್ಲ.

ಮೊದಲ ಸಲ ಬಿಡುವ ಹೊತ್ತು ಮುಖ್ಯ. ಬೆಳಿಗ್ಗೆ ಬಿಡುವುದು ಬೇಡ. ಹೊತ್ತು ಮುಳುಗಲು ಇನ್ನೊಂದು ಗಂಟೆ ಇದೆ ಎನ್ನುವಾಗ, ಸಂಜೆಯ ಕಾಳು ಹಾಕುವ ಮುಂಚೆ, ಹಸಿದ ಹೊಟ್ಟೆಯಲ್ಲಿ ಬಿಡಿ. ದೂರ ಹೋಗುವಷ್ಟು ಹೊತ್ತಿರುವುದಿಲ್ಲ. ಆಮೇಲೆ ದಿನಾ ಕರೆಯುವ ದನಿಯಲ್ಲೇ ಕರೆದು, ಕಾಳಿನ ಡಬ್ಬ ಅಲ್ಲಾಡಿಸಿ, ಗೂಡಿನೊಳಗೇ ಕಾಳು ಹಾಕಿ. ಒಳಗೊಂದು ಮಂದ ದೀಪ ಇದ್ದರೆ ಇನ್ನೂ ಒಳ್ಳೆಯದು, ಕತ್ತಲ ಬಾಗಿಲೊಳಗೆ ನುಗ್ಗಲು ಕೋಳಿ ಹಿಂಜರಿಯುತ್ತದೆ. ಕೂತ ಮೇಲೆ ದೀಪ ಆರಿಸಿ. ಒಂದೆರಡು ಹಟಮಾರಿಗಳು ಹಳೆ ಜಾಗಕ್ಕೆ ಹೋಗಿಯೇ ಹೋಗುತ್ತವೆ, ಅವನ್ನು ಎತ್ತಿ ತಂದು ಅಡ್ಡಗೋಲಿಗೆ ಸೇರಿಸಿದರಾಯಿತು. ಮರುದಿನ ಇನ್ನರ್ಧ ಗಂಟೆ ಮುಂಚೆ ಬಿಡಿ, ಹಾಗೇ ಹೊತ್ತು ಹೆಚ್ಚಿಸುತ್ತ ಹೋಗಿ. ಕೋಳಿಗಳನ್ನು ಎಣಿಸಿಕೊಳ್ಳದೆ ಬಾಗಿಲು ಹಾಕಬೇಡಿ.

ತಪ್ಪು ಕಲ್ಪನೆ: “ಕಾಲು ಹಿಡಿದು ತಲೆಕೆಳಗೆ ಮಾಡಿದರೆ ಸುಮ್ಮನಾಗುತ್ತದೆ, ಅದಕ್ಕೂ ಅದೇ ಆರಾಮ”

ವಾಸ್ತವ: ಸುಮ್ಮನಾಗುತ್ತದೆ, ಆದರೆ ಹೆದರಿ. ಕೋಳಿಗೆ ನಮ್ಮ ಹಾಗೆ ಎದೆ ಹೊಟ್ಟೆಗಳ ನಡುವೆ ವಪೆ ಇಲ್ಲ. ತಲೆಕೆಳಗಾದಾಗ ಹೊಟ್ಟೆಯೊಳಗಿನದೆಲ್ಲ ಉಸಿರಿನ ಚೀಲಗಳ ಮೇಲೆ ಒತ್ತಿ ಉಸಿರಾಟ ಕಷ್ಟವಾಗುತ್ತದೆ. ಸಂತೆಯಲ್ಲಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗುವುದನ್ನು ನೋಡಿ ಇದೇ ರೂಢಿಯಾಗಿದೆ. ರೆಕ್ಕೆ ಎರಡೂ ಮುಚ್ಚುವಂತೆ ಮೈಗೆ ಒತ್ತಿ, ಒಂದು ಕೈ ಎದೆಯಡಿ ಕೊಟ್ಟು ಎತ್ತಿ. ದೂರಕ್ಕಾದರೆ ಗಾಳಿಯಾಡುವ ಮಂಕರಿಯೋ ತರಕಾರಿ ಕ್ರೇಟೋ ಸಾಕು. ಏಪ್ರಿಲ್, ಮೇ ತಿಂಗಳ ಹಗಲಲ್ಲಿ ಮಾತ್ರ ಬೇಡ. ಕೋಳಿಗೆ ಬೆವರುವುದು ಗೊತ್ತಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಅದಕ್ಕೆ ದಾರಿಯಿಲ್ಲ.

ತಪ್ಪು ಕಲ್ಪನೆ: “ಹಳೆ ಗೂಡಿನ ಗಳು, ಬುಟ್ಟಿ, ಹೊಟ್ಟು ತಂದು ಹಾಕಿದರೆ ವಾಸನೆಗೆ ಬೇಗ ಒಗ್ಗುತ್ತವೆ”

ವಾಸ್ತವ: ಈ ಸಲಹೆ ಕೊಡುವವರು ಬಹಳ ಜನ. ನನ್ನ ಮಟ್ಟಿಗೆ ಹೊಸ ಗೂಡಿಗೆ ಇದಕ್ಕಿಂತ ದೊಡ್ಡ ಕೇಡಿಲ್ಲ. ಬಹುಮಂದಿ ಹೊಸ ಗೂಡು ಕಟ್ಟುವುದೇ ಹಳೆಯದರಲ್ಲಿ ನುಸಿ, ಉಣ್ಣೆ ಹೆಚ್ಚಾಗಿ ಕೋಳಿ ಸೊರಗಿದ್ದರಿಂದ. ಆ ಮೇಲೆ ಅದೇ ಬಿದಿರು ಗಳು ತಂದು ಹೊಸದಕ್ಕೆ ಅಡ್ಡಗೋಲು ಮಾಡಿದರೆ, ಶತ್ರುವನ್ನು ಮೆರವಣಿಗೆಯಲ್ಲಿ ಕರೆತಂದ ಹಾಗಾಯಿತು.

ಕೋಳಿಯ ಕೆಂಪು ನುಸಿ ಹಗಲು ಕೋಳಿಯ ಮೈಮೇಲೆ ಇರುವುದೇ ಇಲ್ಲ. ಗಳುವಿನ ತುದಿಯಲ್ಲಿ, ಹಲಗೆಯ ಸೀಳಿನಲ್ಲಿ, ಬುಟ್ಟಿಯ ಹೆಣಿಗೆಯಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರಿ ಮತ್ತೆ ಸಂದಿ ಸೇರುತ್ತದೆ. ಹಗಲಲ್ಲಿ ಕೋಳಿ ಹಿಡಿದು ಪುಕ್ಕ ಬಿಡಿಸಿ ನೋಡಿ, ಏನೂ ಇಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಇದರಿಂದಲೇ ಮೋಸಹೋಗುತ್ತಾರೆ. ರಕ್ತ ಸಿಗದಿದ್ದರೂ ಅದು ತಿಂಗಳುಗಟ್ಟಲೆ ಬದುಕಬಲ್ಲದು. ಕೋಳಿ ಉಣ್ಣೆಯಂತೂ ವರ್ಷಗಟ್ಟಲೆ ಕಾದು ಕೂರುತ್ತದೆ. ಹಾಗಾಗಿ ‘ಎರಡು ತಿಂಗಳಿಂದ ಖಾಲಿ ಬಿದ್ದಿದೆ, ಈಗ ಏನಿರುತ್ತದೆ’ ಎನ್ನುವ ಮಾತಿಗೂ ಅರ್ಥವಿಲ್ಲ. ಉಣ್ಣೆ ರಕ್ತ ಹೀರುವುದರ ಜೊತೆಗೆ ಜ್ವರ ಬರಿಸಿ ಕೋಳಿ ಕೊಲ್ಲುವ ರೋಗಾಣುವನ್ನೂ ಹರಡುತ್ತದೆ.

ಪರೀಕ್ಷೆ ಸುಲಭ. ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಬಿಳಿ ಬಟ್ಟೆಯನ್ನು ಅಡ್ಡಗೋಲಿನ ಅಡಿಭಾಗಕ್ಕೆ ಒತ್ತಿ ಎಳೆಯಿರಿ. ರಕ್ತದ ಗೀರು ಮೂಡಿದರೆ ನುಸಿ ಇದೆ. ಆಗ ಕೋಳಿಗಳಿಗೂ ಪಶುವೈದ್ಯರು ಹೇಳಿದ ಔಷಧಿ ಹಾಕಿದ ಮೇಲೇ ಹೊಸ ಗೂಡಿಗೆ ಸೇರಿಸಬೇಕು. ಹಳೆ ಮರಮುಟ್ಟನ್ನು ಒಲೆಗೆ ಹಾಕಿಬಿಡುವುದು ಉತ್ತಮ. ಹಳೆ ಹೊಟ್ಟು, ಹಿಕ್ಕೆ ನೇರ ತಿಪ್ಪೆಗೆ ಹೋಗಲಿ. ರಕ್ತಭೇದಿಯ ಬೀಜಾಣು ಒದ್ದೆ ಹೊಟ್ಟಿನಲ್ಲಿ ಒಂದೆರಡು ದಿನದಲ್ಲೇ ಬಲಿತು ಮರಿಗಳಿಗೆ ತಗಲುತ್ತದೆ, ಸಾಮಾನ್ಯ ಫಿನಾಯಿಲಿಗೆ ಅದು ಜಗ್ಗುವುದಿಲ್ಲ. ಒಣಗು, ಬಿಸಿಲು, ಬೆಂಕಿ, ಇವಕ್ಕೇ ಅದು ಹೆದರುವುದು.

ಹಾಗಾದರೆ ಹಳೆಯದು ಏನೂ ಬೇಡವೇ? ನೀರಿನ ಡಬ್ಬ, ಕಾಳಿನ ತಟ್ಟೆ ಇರಲಿ. ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗಿಟ್ಟು ತನ್ನಿ. ಕೋಳಿಗೆ ಅದರ ಪರಿಚಯವೇ ಸಾಕು. ವಾಸನೆಗಿಂತ ಕಣ್ಣನ್ನೇ ಹೆಚ್ಚು ನಂಬುವ ಹಕ್ಕಿ ಅದು.

ತಪ್ಪು ಕಲ್ಪನೆ: “ಅಡ್ಡಗೋಲು ಎತ್ತರ ಇದ್ದಷ್ಟೂ ಕೋಳಿಗೆ ಖುಷಿ”

ವಾಸ್ತವ: ಯಾವ ಕೋಳಿ ಎನ್ನುವುದರ ಮೇಲಿದೆ. ಹಗುರ ಮೈಯ ನಾಟಿ ಹ್ಯಾಟೆ ಆರಡಿ ಎತ್ತರಕ್ಕೂ ಹಾರಿ ಕೂರುತ್ತದೆ. ಹೆಬ್ಬಾಳದಲ್ಲಿ ತಯಾರಾಗಿ 1989ರಲ್ಲಿ ರೈತರ ಕೈಗೆ ಬಂದ ಗಿರಿರಾಜ ಮೂರು ಕಿಲೋ ದಾಟುವ ತಳಿ. ಅಷ್ಟು ಭಾರದ ಹುಂಜ ದಿನಾ ಬೆಳಿಗ್ಗೆ ಎತ್ತರದಿಂದ ಸಿಮೆಂಟು ನೆಲಕ್ಕೆ ಧುಮುಕಿದರೆ ಅಂಗಾಲಿಗೆ ಪೆಟ್ಟಾಗಿ ಕೀವುಗಟ್ಟಿ ಬಾವು ಬರುತ್ತದೆ. ಅಂಥವಕ್ಕೆ ಒಂದೂವರೆ ಎರಡಡಿ ಎತ್ತರ, ಕೆಳಗೆ ದಪ್ಪಗೆ ಭತ್ತದ ಹೊಟ್ಟು. ಗಳು ಎರಡಿಂಚು ಅಗಲವಿದ್ದು ಮೇಲ್ತುದಿ ಉರುಟಾಗಿರಲಿ. ಕೋಳಿಯೊಂದಕ್ಕೆ ಮುಕ್ಕಾಲು ಅಡಿ ಜಾಗ ಬಿಡಿ.

ಎತ್ತರಕ್ಕಿಂತ ಮುಖ್ಯವಾದ ನಿಯಮ ಬೇರೆ: ಅಡ್ಡಗೋಲು ಮೊಟ್ಟೆ ಪೆಟ್ಟಿಗೆಗಿಂತ ಮೇಲಿರಬೇಕು. ಕೋಳಿ ಗೂಡಿನ ಅತಿ ಎತ್ತರದ ಜಾಗದಲ್ಲೇ ಮಲಗುವುದು. ಪೆಟ್ಟಿಗೆ ಮೇಲಿದ್ದರೆ ಅದರೊಳಗೇ ಮಲಗಿ ಹಿಕ್ಕೆ ಹಾಕಿ ಬೆಳಿಗ್ಗೆ ಅದರಲ್ಲೇ ಮೊಟ್ಟೆ ಇಡುತ್ತದೆ. ನಾಲ್ಕೈದು ಹ್ಯಾಟೆಗಳಿಗೆ ಒಂದಡಿ ಚೌಕದ ಒಂದು ಪೆಟ್ಟಿಗೆ ಸಾಕು. ಹೊಸ ಗೂಡಿನ ಮೊದಲ ವಾರ ಸಂಜೆ ಪೆಟ್ಟಿಗೆಯ ಬಾಯಿಗೆ ಗೋಣಿಚೀಲ ಇಳಿಬಿಟ್ಟು ಬೆಳಗಿನ ಜಾವ ತೆಗೆದರೆ ಕೆಟ್ಟ ರೂಢಿ ಬೀಳುವುದಿಲ್ಲ.

ತಪ್ಪು ಕಲ್ಪನೆ: “ನಾಲ್ಕೂ ಕಡೆ ಮುಚ್ಚಿದ ಗೂಡೇ ಬೆಚ್ಚಗೆ, ಭದ್ರ”

ವಾಸ್ತವ: ನಮ್ಮ ಹವೆಯಲ್ಲಿ ಕೋಳಿಯನ್ನು ಕಾಡುವುದು ಚಳಿಗಿಂತ ಸೆಕೆ ಮತ್ತು ತೇವ. ಪುಕ್ಕದ ಹೊದಿಕೆ ಇರುವ ಹಕ್ಕಿಗೆ ಹಾಸನದ ಡಿಸೆಂಬರ್ ರಾತ್ರಿ ಏನೂ ಅಲ್ಲ. ಆದರೆ ಹಿಕ್ಕೆಯಿಂದ ಏಳುವ ಅಮೋನಿಯಾ ಗೂಡಿನೊಳಗೇ ಉಳಿದರೆ ಕಣ್ಣು, ಶ್ವಾಸನಾಳ ಕೆಡುತ್ತವೆ. ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಮೂಗಿಗೆ ಘಾಟು ಹೊಡೆದರೆ ಕೋಳಿ ರಾತ್ರಿಯಿಡೀ ಅದನ್ನು ಸೇವಿಸಿದೆ ಎಂದು ತಿಳಿಯಿರಿ. ಕೂತ ಕೋಳಿಯ ತಲೆಗಿಂತ ಮೇಲೆ, ಸೂರಿನಡಿ, ಎರಡು ಕಡೆ ಜಾಲರಿ ಬಿಡಬೇಕು. ಗೂಡಿನ ಉದ್ದ ಪೂರ್ವದಿಂದ ಪಶ್ಚಿಮಕ್ಕಿದ್ದರೆ ಬಿಸಿಲು ನೇರ ಒಳಗೆ ಬೀಳುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ಇರಚಲು ತಡೆಯಲು ಸೂರನ್ನು ಮೂರಡಿ ಮುಂದಕ್ಕೆ ಚಾಚಬೇಕು. ತಗಡಿನ ಶೀಟಾದರೆ ಬೇಸಿಗೆಯಲ್ಲಿ ಮೇಲೆ ತೆಂಗಿನ ಸೋಗೆ ಹೊದಿಸಿ. ಹೊಸ ಸಿಮೆಂಟು ನೆಲ ಪೂರ್ತಿ ಒಣಗುವವರೆಗೆ, ಬಣ್ಣದ ವಾಸನೆ ಹೋಗುವವರೆಗೆ ಕೋಳಿ ಬಿಡಬೇಡಿ. ಗೃಹಪ್ರವೇಶದ ಮುಹೂರ್ತಕ್ಕೆ ಅವಸರವಾಗಿ ಹಸಿ ಗೋಡೆಯ ಮನೆಗೆ ಹೋಗುವ ನಮ್ಮ ಚಾಳಿಯನ್ನು ಅವುಗಳ ಮೇಲೂ ಹೇರುವುದೇಕೆ?

ತಪ್ಪು ಕಲ್ಪನೆ: “ಕೋಳಿ ಜಾಲರಿ ಕಟ್ಟಿದ ಮೇಲೆ ಭಯವಿಲ್ಲ”

ವಾಸ್ತವ: ಆರು ಮೂಲೆ ಕಣ್ಣಿನ ತೆಳು ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿ ಅದನ್ನು ಹಲ್ಲಿನಿಂದ ಸೀಳುತ್ತದೆ. ಕೇರೆಹಾವು, ಇಲಿ ಕಣ್ಣಿನಲ್ಲೇ ತೂರುತ್ತವೆ. ಮುಂಗುಸಿ ಬುಡ ಕೆದಕುತ್ತದೆ. ಕೆಳಗಿನ ಮೂರಡಿಗಾದರೂ ಅರ್ಧ ಇಂಚು ಚೌಕದ ಬೆಸುಗೆ ಜಾಲರಿ ಹಾಕಿ, ಅದರ ತುದಿಯನ್ನು ಒಂದೂವರೆ ಅಡಿ ಹೊರಕ್ಕೆ ನೆಲದ ಮೇಲೆ ಚಾಚಿ ಮಣ್ಣು ಮುಚ್ಚಿ. ಚಿಲಕಕ್ಕೊಂದು ಕೊಕ್ಕೆಯೂ ಇರಲಿ. ಕಬ್ಬೆಕ್ಕು ಸಡಿಲ ಬಾಗಿಲನ್ನು ಬಿಡುವುದಿಲ್ಲ.

ತಪ್ಪು ಕಲ್ಪನೆ: “ಹೊಸ ಗೂಡಲ್ಲಿ ಕಾದಾಡುತ್ತಿವೆ, ಬೇರೆ ಬೇರೆ ಮಾಡಬೇಕು”

ವಾಸ್ತವ: ನಾರ್ವೆಯ ಶೆಲ್ಡೆರುಪ್ ಎಬ್ಬೆ ಎಂಬವರು ಹುಡುಗನಾಗಿದ್ದಾಗಿನಿಂದಲೂ ಕೋಳಿಗಳನ್ನು ಗಮನಿಸುತ್ತ ಬಂದು, 1920ರ ದಶಕದ ಆರಂಭದಲ್ಲಿ ಒಂದು ವಿಷಯ ಪ್ರಕಟಿಸಿದರು: ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಸ್ಥಿರವಾದ ಮೇಲು ಕೀಳು ಇರುತ್ತದೆ. ನಮ್ಮ ಅಜ್ಜಿಯಂದಿರು ಇದನ್ನು ದಿನಾ ಕಾಳು ಹಾಕುವಾಗ ನೋಡುತ್ತಿದ್ದರು, ಬರೆದಿಡಲಿಲ್ಲ ಅಷ್ಟೆ. ಜಾಗ ಬದಲಾದಾಗ ಒಳ್ಳೆ ಮೂಲೆ, ಒಳ್ಳೆ ಗಳು ಯಾರಿಗೆ ಎಂಬ ಪ್ರಶ್ನೆ ಹೊಸದಾಗಿ ಏಳುತ್ತದೆ. ಒಂದು ವಾರ ಕುಕ್ಕಾಟ, ಅಟ್ಟಿಸಿಕೊಂಡು ಹೋಗುವುದು ಸಹಜ. ಬೇರೆ ಮಾಡಿದರೆ ಮತ್ತೆ ಸೇರಿಸಿದ ದಿನ ಅದೇ ಜಗಳ ಮೊದಲಿನಿಂದ ಶುರುವಾಗುತ್ತದೆ. ಮೇವಿನ ತಟ್ಟೆ ಎರಡು ಮೂರು ಕಡೆ ಇಡಿ, ಸೋತ ಕೋಳಿ ಅಡಗಲು ಒಂದು ಹಲಗೆ ಒರಗಿಸಿ. ರಕ್ತ ಕಂಡರೆ ಮಾತ್ರ ಆ ಗಾಯದ ಕೋಳಿಯನ್ನು ತಕ್ಷಣ ತೆಗೆಯಬೇಕು. ಕೆಂಪು ಕಂಡಲ್ಲೇ ಎಲ್ಲವೂ ಕುಕ್ಕುತ್ತವೆ.

ಇದರ ಜೊತೆಗೇ ಹೊರಗಿಂದ ಹೊಸ ಕೋಳಿಗಳನ್ನು ತಂದು ಸೇರಿಸುವ ಆಸೆ ಬರುತ್ತದೆ. ಜಗಳದ ದೃಷ್ಟಿಯಿಂದ ಅದು ತಪ್ಪೇನಲ್ಲ. ಹೊಸ ಗೂಡು ಯಾರ ಸ್ವತ್ತೂ ಅಲ್ಲವಾದ್ದರಿಂದ ಹಳಬರ ದರ್ಪ ಸ್ವಲ್ಪ ಕಡಿಮೆ. ಆದರೆ ಸಂತೆಯಿಂದ ತಂದ ಕೋಳಿಯನ್ನು ಅದೇ ದಿನ ಬೆರೆಸಕೂಡದು. ಮೂರು ವಾರ ಬೇರೆ ಕಡೆ ಇಟ್ಟು, ಬೇರೆ ಪಾತ್ರೆಯಲ್ಲಿ ನೀರು ಕೊಟ್ಟು, ರೋಗವಿಲ್ಲ ಎಂದು ಖಾತ್ರಿಯಾದ ಮೇಲೆ ಸೇರಿಸಿ. ಅದೂ ಒಂಟಿ ಕೋಳಿ ಬೇಡ. ಎರಡು ಮೂರನ್ನು ಒಟ್ಟಿಗೆ, ರಾತ್ರಿ ಹೊತ್ತು.

ತಪ್ಪು ಕಲ್ಪನೆ: “ಮೊಟ್ಟೆ ನಿಂತಿತು, ಗೂಡು ಆಗಿಬರಲಿಲ್ಲ”

ವಾಸ್ತವ: ಮೂಲೆ ಸರಿಯಿಲ್ಲ, ದೃಷ್ಟಿ ಆಯಿತು ಎಂದು ಹೊಸ ಗೂಡನ್ನೇ ಕೀಳಿಸಿದವರಿದ್ದಾರೆ. ಹೊಟ್ಟೆಯೊಳಗೆ ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು, ಅದರಲ್ಲಿ ಹೆಚ್ಚಿನ ಪಾಲು ಚಿಪ್ಪಿಗೇ. ಹಾಗಾಗಿ ಸಾಗಿಸಿದ ಮರುದಿನ ಸಿಗುವ ಮೊಟ್ಟೆ ಹಳೆ ಗೂಡಿನದೇ ಬಾಕಿ. ಗಾಬರಿಯ ಪರಿಣಾಮ ಅದರ ನಂತರ ಕಾಣುತ್ತದೆ, ಒಂದರಿಂದ ಮೂರು ವಾರದಲ್ಲಿ ಸರಿಹೋಗುತ್ತದೆ. ಕೆಲವೊಮ್ಮೆ ಸ್ಥಳಾಂತರಕ್ಕೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ನಾಟಿ ಕೋಳಿ ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುವಂಥದ್ದು, ಅದರ ಸರದಿ ಮುಗಿದಿರಬಹುದು. ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲು ಹನ್ನೊಂದೂವರೆ ಗಂಟೆಗೆ ಇಳಿಯುತ್ತದೆ. ಬೆಳಕು ಕುಗ್ಗಿದಾಗ ಇಡುವುದೂ ಕುಗ್ಗುತ್ತದೆ. ಪುಕ್ಕ ಉದುರಿಸುವ ಕಾಲವಾದರಂತೂ ಪೂರ್ತಿ ರಜೆ. ಇನ್ನೊಂದು ಕಾರಣವನ್ನು ಮನೆಯವರು ಕೊನೆಗೆ ಯೋಚಿಸುತ್ತಾರೆ: ಮೊಟ್ಟೆ ಇಡುತ್ತಿದೆ, ನಿಮಗೆ ಸಿಗುತ್ತಿಲ್ಲ. ಹೊಸ ಪೆಟ್ಟಿಗೆ ಹಿಡಿಸದೆ ಲಂಟಾನ ಪೊದೆಯಲ್ಲೋ ಹುಲ್ಲಿನ ಮೆದೆಯಲ್ಲೋ ಇಟ್ಟು ಬರುತ್ತಿರುತ್ತದೆ. ಬೆಳಿಗ್ಗೆ ಹತ್ತರವರೆಗೆ ಒಳಗೇ ಇರಿಸಿಕೊಳ್ಳಿ. ಪೆಟ್ಟಿಗೆಯಲ್ಲೊಂದು ಪ್ಲಾಸ್ಟಿಕ್ ಮೊಟ್ಟೆ ಇಟ್ಟರೆ ಇಲ್ಲಿಯೇ ಜಾಗ ಎಂದು ಅದಕ್ಕೆ ತಿಳಿಯುತ್ತದೆ.

ಕಾವಿಗೆ ಕೂತ ಕೋಳಿ ಇದ್ದರೆ ಮರಿ ಒಡೆಯುವವರೆಗೆ ಅದನ್ನು ಮುಟ್ಟಬೇಡಿ. ಮೊಟ್ಟೆ ಸಮೇತ ರಾತ್ರಿ ಸಾಗಿಸಿದರೂ ಎಷ್ಟೋ ಸಲ ಎದ್ದುಹೋಗಿ ಮೊಟ್ಟೆಯೆಲ್ಲ ತಣ್ಣಗಾಗುತ್ತವೆ. 21 ದಿನ ಕಾಯುವುದೇ ಲಾಭ.

ತಪ್ಪು ಕಲ್ಪನೆ: “ಹೇಗೂ ಹಿಡಿಯುತ್ತೇವಲ್ಲ, ಅವತ್ತೇ ಲಸಿಕೆಯನ್ನೂ ಹಾಕಿಸಿಬಿಡೋಣ”

ವಾಸ್ತವ: ಒಂದೇ ಖರ್ಚಿನಲ್ಲಿ ಎರಡು ಕೆಲಸ ಎಂಬ ಲೆಕ್ಕ. ಗಾಬರಿಗೊಂಡ, ಮೇವು ಬಿಟ್ಟ ಕೋಳಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಹತ್ತಿದರೂ ರಕ್ಷಣೆ ಬರಲು ಎರಡು ವಾರ ಬೇಕು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಅಷ್ಟು ಕಾಯುವುದಿಲ್ಲ. ಹೊಕ್ಕಿತೆಂದರೆ ವಾರದೊಳಗೆ ಗೂಡೇ ಖಾಲಿ. ಅರಿಶಿನ, ಬೆಳ್ಳುಳ್ಳಿ ನೀರು ಕೊಡುವುದು ನಿಮ್ಮಿಷ್ಟ, ಆದರೆ ಅದು ಈ ರೋಗವನ್ನು ತಡೆಯುವುದಿಲ್ಲ. ಸಾಗಿಸುವ ದಿನಕ್ಕೆ ಕನಿಷ್ಠ ಎರಡು ವಾರ ಮುಂಚೆ ಲಸಿಕೆ ಆಗಿರಲಿ. ಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರಕ್ಕೆ ಚುಚ್ಚುಮದ್ದು. ಮೊಟ್ಟೆ ಇಡುತ್ತಿರುವ ಕೋಳಿಗೆ ಯಾವುದು ಎಂದು ಪಶುವೈದ್ಯರನ್ನು ಕೇಳಿಯೇ ಹಾಕಿಸಿ.

ಲಸಿಕೆ ಸಿಗುವುದು ನೂರು, ಇನ್ನೂರು ಕೋಳಿಗಾಗುವ ಸೀಸೆಯಲ್ಲಿ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಯವರು ಒಬ್ಬರೇ ಹೋದರೆ ‘ಇಷ್ಟಕ್ಕೆಲ್ಲ ಸೀಸೆ ಒಡೆಯೋಕಾಗಲ್ಲ’ ಎನ್ನುವ ಮಾತು ಕೇಳಿ ಬರಬೇಕಾಗುತ್ತದೆ. ನಿಮ್ಮ ಬೀದಿಯಲ್ಲಿ ಕೋಳಿ ಇರುವ ಮನೆಗಳನ್ನೆಲ್ಲ ಮಾತಾಡಿಸಿ, ಒಂದು ದಿನ ಗೊತ್ತುಮಾಡಿಕೊಂಡು ಒಟ್ಟಿಗೆ ಪಶು ಆಸ್ಪತ್ರೆಗೆ ಹೋಗಿ. ಪಕ್ಕದ ಮನೆಯ ಕೋಳಿಗೆ ಲಸಿಕೆ ಆಗದಿದ್ದರೆ ನಿಮ್ಮ ಹೊಸ ಗೂಡಿಗೂ ಅಪಾಯ ತಪ್ಪಿದ್ದಲ್ಲ.